ಎರಡನೇ ನಾಯಿಯನ್ನು ಮೊದಲನೆಯದೇ ಆರಿಸಲಿ

ಬೆಂಗಳೂರಿನ ಮನೆಗಳಿಗೆ ಎರಡನೇ ನಾಯಿ ಬರುವುದು ಹೆಚ್ಚಾಗಿ ಯಾವುದಾದರೂ ನೆಪದಲ್ಲಿ. ಮಗಳ ಹುಟ್ಟುಹಬ್ಬ ಇರುತ್ತದೆ. ಆಫೀಸಿನ ಗೆಳೆಯರ ಮನೆಯ ನಾಯಿ ಮರಿ ಹಾಕಿರುತ್ತದೆ. ಮಳೆಯಲ್ಲಿ ನೆನೆದ ಮರಿಯ ಫೋಟೊ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಮಕ್ಕಳು ಹಠ ಹಿಡಿಯುತ್ತಾರೆ. ಮರಿಯ ಬಣ್ಣ, ತಳಿ, ಹೆಸರು, ಎಲ್ಲದರ ಬಗ್ಗೆಯೂ ಮನೆಯಲ್ಲಿ ಚರ್ಚೆಯಾಗುತ್ತದೆ. ಆಗಲೇ ಮನೆಯಲ್ಲಿರುವ ನಾಯಿಗೆ ಇದು ಹಿಡಿಸುತ್ತದಾ ಅನ್ನುವ ಮಾತು ಮಾತ್ರ ಅಪರೂಪ. ನಾನು ಬರ್ಲಿನ್‌ನಲ್ಲಿ ನೆಲೆಸಿ ವರ್ಷಗಳಾದವು. ಇಲ್ಲಿ ಆ ಮಾತೇ ಮೊದಲು ಬರುತ್ತದೆ. ಎರಡೂ ಊರುಗಳ ರೀತಿ ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಆಯ್ಕೆ ಮೊದಲ ನಾಯಿಯದೇ ಆಗಬೇಕು. ಅದಕ್ಕೆ ಬೇಕಾದ ಅನುಕೂಲ ಬರ್ಲಿನ್‌ಗಿಂತ ಬೆಂಗಳೂರಿನಲ್ಲೇ ಜಾಸ್ತಿ ಇದೆ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ, ಅಷ್ಟೇ.

ಮೊದಲು ಇಲ್ಲಿಯ ರೀತಿ ಹೇಳುತ್ತೇನೆ. ಬರ್ಲಿನ್‌ನ ಅಂಚಿನ ಫಾಲ್ಕೆನ್‌ಬರ್ಗ್‌ನಲ್ಲಿ ಪ್ರಾಣಿಗಳ ಒಂದು ದೊಡ್ಡ ಆಶ್ರಯಧಾಮವಿದೆ. ಅದನ್ನು ನಡೆಸುವ ಸಂಘ 1841ರಲ್ಲಿ ಶುರುವಾದದ್ದು. ಯುರೋಪಿನ ಅತಿ ದೊಡ್ಡ ಆಶ್ರಯಧಾಮಗಳಲ್ಲಿ ಇದೂ ಒಂದು. ಇಂಥ ಕಡೆ ಹೋಗಿ ‘ಆ ಕಂದು ನಾಯಿ ಕೊಡಿ’ ಅಂದರೆ ಕೊಡುವುದಿಲ್ಲ. ಮನೆ ಎಷ್ಟು ದೊಡ್ಡದು, ದಿನಕ್ಕೆ ಎಷ್ಟು ಹೊತ್ತು ನಾಯಿ ಒಂಟಿಯಾಗಿರುತ್ತದೆ, ಮನೆ ಮಾಲೀಕರ ಒಪ್ಪಿಗೆ ಇದೆಯಾ, ಎಲ್ಲ ಕೇಳುತ್ತಾರೆ. ಮನೆಯಲ್ಲಿ ಆಗಲೇ ನಾಯಿ ಇದ್ದರೆ ಅದನ್ನೂ ಕರೆತರಬೇಕು. ಎರಡನ್ನೂ ಒಟ್ಟಿಗೆ ನಡೆಸಿ ನೋಡುತ್ತಾರೆ. ನಮ್ಮ ಕಟ್ಟಡದ ಕೆಳಗಿನ ಮನೆಯ ಅಜ್ಜಿ ತಮ್ಮ ಮುದಿ ನಾಯಿಗೆ ಜೊತೆ ಹುಡುಕಲು ಹೋಗಿದ್ದರು. ಅವರಿಗೆ ಇಷ್ಟವಾದದ್ದು ಒಂದು ಚುರುಕಿನ ಎಳೆ ನಾಯಿ. ಅದು ಹತ್ತಿರ ಬಂದಾಗಲೆಲ್ಲ ಇವರ ನಾಯಿ ಮುಖ ತಿರುಗಿಸಿ ಅಜ್ಜಿಯ ಕಾಲ ಹಿಂದೆ ನಿಲ್ಲುತ್ತಿತ್ತಂತೆ. ಅಲ್ಲಿಯ ಸಿಬ್ಬಂದಿ ಮೃದುವಾಗಿಯೇ ಬೇಡ ಅಂದರು. ಅಜ್ಜಿ ತಿಂಗಳುಗಟ್ಟಲೆ ಕಾದರು. ಕೊನೆಗೆ ಬಂದದ್ದು ಒಂದು ನಿಧಾನದ, ವಯಸ್ಸಾದ ಗಂಡು ನಾಯಿ. ಈಗ ಅವೆರಡೂ ಮೆಟ್ಟಿಲು ಇಳಿಯುವಾಗ ಒಂದಕ್ಕೊಂದು ಕಾಯುತ್ತವೆ.

ತೆರಿಗೆಯೂ ಇದೆ. ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ, ಅದರ ಮೇಲಿನ ಪ್ರತಿ ನಾಯಿಗೆ 180 ಯೂರೋ. ಮೈಕ್ರೋಚಿಪ್, ನಾಯಿಯಿಂದ ಆಗುವ ಹಾನಿಗೆ ವಿಮೆ, ಇವೆಲ್ಲ ಕಡ್ಡಾಯ. ಇದು ಬೆಂಗಳೂರಿಗೂ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಎರಡನೇ ನಾಯಿ ತರುವ ಮೊದಲು ಮನುಷ್ಯ ಒಂದು ಸಲ ಕೂತು ಲೆಕ್ಕ ಹಾಕುವಂತೆ ಇದು ಮಾಡುತ್ತದೆ. ಊಟ, ಲಸಿಕೆ, ಡಾಕ್ಟರ ಫೀಸು, ಊರಿಗೆ ಹೋದಾಗ ಬೋರ್ಡಿಂಗ್, ಎಲ್ಲವೂ ಎರಡರಷ್ಟು. ಬೆಂಗಳೂರಿನಲ್ಲಿ ಈ ಲೆಕ್ಕ ನಾಯಿ ಬಂದ ಮೇಲೆ ನೆನಪಾಗುತ್ತದೆ.

ಕಳೆದ ಸಲ ಊರಿಗೆ ಬಂದಾಗ ವಿದ್ಯಾರಣ್ಯಪುರದಲ್ಲಿರುವ ತಂಗಿ ಕೇಳಿದಳು: ‘ಅಣ್ಣಾ, ಚಿನ್ನುಗೂ ವಯಸ್ಸಾಯ್ತು. ನಾವಿಬ್ರೂ ಕೆಲಸಕ್ಕೆ ಹೋದ್ರೆ ಒಬ್ಬಳೇ ಇರ್ತಾಳೆ. ಒಂದು ಮರಿ ತರೋಣ ಅಂತಿದೀವಿ, ಏನಂತೀಯ?’

ಚಿನ್ನು ಒಂಬತ್ತು ವರ್ಷದ ಲ್ಯಾಬ್ರಡಾರ್. ಬೆಳಿಗ್ಗೆ ಎದ್ದಾಗ ಹಿಂಗಾಲು ಸ್ವಲ್ಪ ಎಳೆಯುತ್ತಾಳೆ. ಈ ತಳಿಯಲ್ಲಿ ಸೊಂಟದ ಕೀಲು ನೋವು ತುಂಬ ಸಾಮಾನ್ಯ. ಅಂಥವಳ ಮೇಲೆ ಎರಡು ತಿಂಗಳ ಮರಿ ದಿನವಿಡೀ ಎಗರಿ, ಸೂಜಿಯಂಥ ಹಲ್ಲಿನಿಂದ ಕಿವಿ ಕಚ್ಚಿ ಎಳೆದರೆ ಅದು ಜೊತೆಯಾಗುವುದಿಲ್ಲ, ಹಿಂಸೆಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಸ್ವಭಾವದ ನಾಯಿ ಇದ್ದಕ್ಕಿದ್ದಂತೆ ಮರಿಯ ಮೇಲೆ ಗುರ್ ಅನ್ನುವುದು ಇದಕ್ಕೇ. ಮೈ ನೋಯುತ್ತಿದೆ, ಬಿಟ್ಟುಬಿಡು ಅಂತ ಅದು ಹೇಳುತ್ತಿರುತ್ತದೆ. ಮನೆಯವರು ಅದನ್ನೇ ಗದರುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಗುರ್ ಅಂದಾಗಲೆಲ್ಲ ಬೈಸಿಕೊಂಡ ನಾಯಿ ಮುಂದೆ ಗುರ್ ಅನ್ನದೇ ಕಚ್ಚುವುದನ್ನು ಕಲಿಯಬಹುದು.

ಒಂಟಿತನದ ಮಾತೂ ಅಷ್ಟೇ. ನಾವು ಹೊರಗೆ ಹೋದಾಗ ಅಳುವ, ಬಾಗಿಲು ಕೆರೆಯುವ ನಾಯಿಗೆ ಬೇಕಾಗಿರುವುದು ಹೆಚ್ಚಾಗಿ ನಾವೇ. ಇನ್ನೊಂದು ನಾಯಿ ತಂದರೆ ಆ ಕಳವಳ ಹೋಗುತ್ತದೆ ಅನ್ನಲು ಬರುವುದಿಲ್ಲ. ಕೆಲವು ಮನೆಗಳಲ್ಲಿ ಎರಡೂ ಸೇರಿ ಅಳುವುದನ್ನು ಕಲಿಯುತ್ತವೆ. ಮೊದಲ ನಾಯಿಯ ಅಭ್ಯಾಸಗಳೇ ಎರಡನೆಯದಕ್ಕೆ ಪಾಠ. ಅದಕ್ಕೇ ಮೊದಲನೆಯದಕ್ಕೆ ಒಂದೂವರೆ ಎರಡು ವರ್ಷವಾಗಿ, ಕರೆದರೆ ಬರುವ, ಗೇಟಿಗೆ ಬಂದವರ ಮೇಲೆ ಎಗರದ ಬುದ್ಧಿ ಬಂದ ಮೇಲೆ ಎರಡನೆಯದರ ಯೋಚನೆ ಮಾಡುವುದು ಒಳ್ಳೆಯದು. ಒಂದೇ ಸೂಲಿನ ಎರಡು ಮರಿಗಳನ್ನು ಒಟ್ಟಿಗೆ ತರುವುದು ನನಗೆ ಸರಿ ಕಾಣುವುದಿಲ್ಲ. ಅವು ಒಂದಕ್ಕೊಂದು ಅಂಟಿಕೊಂಡು, ಮನೆಯವರ ಮಾತಿಗೆ ಕಿವಿ ಕೊಡುವುದು ಕಡಿಮೆಯಾಗಬಹುದು.

ಗಂಡೋ ಹೆಣ್ಣೋ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ಸಾಮಾನ್ಯವಾಗಿ ಒಂದು ಗಂಡು, ಒಂದು ಹೆಣ್ಣು ಇದ್ದರೆ ಜಗಳ ಕಡಿಮೆ. ಒಂದೇ ಮನೆಯಲ್ಲಿ ಎರಡು ಹೆಣ್ಣು ನಾಯಿಗಳ ನಡುವೆ ಜಗಳ ಶುರುವಾದರೆ ಬಿಡಿಸುವುದು ಕಷ್ಟ. ಆದರೆ ಗಂಡು–ಹೆಣ್ಣು ಜೋಡಿಗೆ ಮೊದಲು ಸಂತಾನಹರಣ ಆಪರೇಷನ್ ಮುಗಿದಿರಬೇಕು. ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ. ಗಂಡಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಹುಷಾರಾಗಿರಬೇಕು. ಸುಮ್ನೆ ‘ಆಮೇಲೆ ಮಾಡಿಸೋಣ’ ಅಂತ ಮುಂದೂಡಿದ ಮನೆಗಳಿಂದಲೇ ಬೇಡದ ಮರಿಗಳು ಹೊರಬರುವುದು.

ತಳಿಗಿಂತ ಆಟದ ರೀತಿ ಮುಖ್ಯ. ಲ್ಯಾಬ್ರಡಾರ್ ಮೈಮೇಲೆ ಬಿದ್ದು ಆಡುತ್ತದೆ, ಓಡುವ ನಾಯಿಗೆ ಓಟವೇ ಬೇಕು. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಯ ಬಗ್ಗೆ ನನಗೆ ಹೆಮ್ಮೆಯಿದೆ. 2005ರಲ್ಲಿ ಅದರ ಅಂಚೆ ಚೀಟಿಯೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಈ ತಳಿಗೆಂದೇ ಇದೆ. ಆದರೆ ಅದು ಕಣ್ಣಿಂದ ಬೇಟೆ ಗುರುತಿಸಿ ಅಟ್ಟುವ ನಾಯಿ. ಮನೆಯಲ್ಲಿ ಪುಟ್ಟ ಶಿಹ್ ತ್ಸು ಇದ್ದು, ಅದು ಕಿರುಚಿಕೊಂಡು ಓಡಿದರೆ ಮುಧೋಳದ ರಕ್ತ ಎಚ್ಚರವಾಗಬಹುದು. ನಾಡಿನ ಅಭಿಮಾನದಿಂದ ಮಾತ್ರ ಆರಿಸಿದರೆ ಆ ಪುಟ್ಟ ನಾಯಿಗೆ ಅನ್ಯಾಯ, ಮುಧೋಳಕ್ಕೂ ಅನ್ಯಾಯ.

ಇನ್ನು ಭೇಟಿ ಮಾಡಿಸುವ ಜಾಗ. ಇದರಲ್ಲಿ ಬರ್ಲಿನ್‌ನವರು ಪುಣ್ಯವಂತರು. ಗ್ರೂನೆವಾಲ್ಡ್ ಕಾಡಿನಲ್ಲಿ ನಾಯಿಗಳನ್ನು ಬಿಟ್ಟು ನಡೆಸಲೆಂದೇ ವಿಶಾಲ ಜಾಗ ಬಿಟ್ಟಿದ್ದಾರೆ. ಎರಡು ನಾಯಿಗಳನ್ನು ಎದುರುಬದುರು ನಿಲ್ಲಿಸದೆ, ನಡುವೆ ಸಾಕಷ್ಟು ಅಂತರ ಬಿಟ್ಟು, ಒಂದೇ ದಿಕ್ಕಿಗೆ ನಡೆಸುತ್ತಾರೆ. ಮೈ ಸಡಿಲವಾದಂತೆ ಅಂತರ ಕಡಿಮೆ ಮಾಡುತ್ತಾರೆ. ಬೆಂಗಳೂರಿನಲ್ಲಿ ಎಷ್ಟೋ ಬಡಾವಣೆ ಪಾರ್ಕುಗಳಿಗೆ ನಾಯಿಗೆ ಪ್ರವೇಶವೇ ಇಲ್ಲ. ಕಬ್ಬನ್ ಪಾರ್ಕಿಗೆ ಹೋಗಬಹುದು, ಆದರೆ ಭಾನುವಾರದ ಗದ್ದಲ ಮೊದಲ ಭೇಟಿಗೆ ಸೂಕ್ತವಲ್ಲ. ಬೀದಿಯಲ್ಲಿ ನಡೆಸೋಣ ಅಂದರೆ ಪ್ರತಿ ಕ್ರಾಸಿಗೂ ಒಂದು ನಾಯಿ ಗುಂಪು, ಅದಕ್ಕೊಂದು ಗಡಿ. ಹಾಗಾಗಿ ಹೊಸ ನಾಯಿಯನ್ನು ನೇರ ಮನೆಯ ಹಾಲ್‌ಗೇ ತಂದು ಬಿಡುತ್ತಾರೆ. ಮೊದಲ ನಾಯಿಗೆ ಅದು ತನ್ನ ಜಾಗಕ್ಕೆ ನುಗ್ಗಿದ ಹಾಗೆ. ಇದಕ್ಕಿಂತ, ಬೆಳಿಗ್ಗೆ ಆರಕ್ಕೆ ಮುಂಚೆ ಗಾಡಿ ಕಡಿಮೆ ಇರುವ ಪಕ್ಕದ ಬಡಾವಣೆಯ ಅಗಲವಾದ ರಸ್ತೆಯೋ, ಬೇಲಿ ಹಾಕಿದ ಖಾಲಿ ಸೈಟೋ ಎಷ್ಟೋ ವಾಸಿ. ಒಂದೇ ದಿನಕ್ಕೆ ಮುಗಿಸದೆ ಮತ್ತೆ ಮತ್ತೆ ನಡೆಸಬೇಕು. ಬಾಲದ ಮೇಲೆ ಮಾತ್ರ ಕಣ್ಣಿಡುವುದು ಸಾಲದು. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ದೃಷ್ಟಿ ಕದಲಿಸದೆ ನಿಂತ ನಾಯಿ ಬಾಲ ಅಲ್ಲಾಡಿಸುತ್ತಿದ್ದರೂ ಅದು ಸ್ನೇಹವಲ್ಲ. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಎತ್ತಿದರೆ ಆಟಕ್ಕೆ ಕರೆಯುತ್ತಿದೆ ಎಂದರ್ಥ.

ಬರ್ಲಿನ್ ರೀತಿಯಲ್ಲಿ ನನಗೆ ಕಾಣುವ ಕೊರತೆಯನ್ನೂ ಹೇಳಬೇಕು. ಅಲ್ಲಿ ಬೀದಿ ನಾಯಿಗಳಿಲ್ಲ. ಎರಡು ಅಪರಿಚಿತ ನಾಯಿಗಳು ಬೊಗಳಾಟದ ನಡುವೆ, ಹಗ್ಗದ ತುದಿಯಲ್ಲಿ, ಗೊತ್ತು ಮಾಡಿದ ಹೊತ್ತಿಗೆ ಭೇಟಿಯಾಗಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ತಿನ್ನುವಾಗ ಎಲ್ಲರೂ ಬಿಗುಮಾನದಿಂದ ಕೂತಿರುತ್ತಾರಲ್ಲ, ಹಾಗೆ. ನಿಜ ಸ್ವಭಾವ ಆ ಹೊತ್ತಿನಲ್ಲಿ ಎಷ್ಟು ತಿಳಿದೀತು? ಬೆಂಗಳೂರಿನ ಗಲ್ಲಿಯಲ್ಲಿ ಪರಿಸ್ಥಿತಿ ಬೇರೆ. 2023ರಲ್ಲಿ ಬಿಬಿಎಂಪಿ ನಡೆಸಿದ ಗಣತಿಯ ಪ್ರಕಾರ ಊರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳು. ನಮ್ಮ ಸಾಕು ನಾಯಿಗೆ ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗಲ್ಲ ಎಂಬುದು ಆಗಲೇ ಗೊತ್ತು. ಗೇಟಿನ ಸಂದಿಯಿಂದ ಮೂಸಿ, ವಾಕಿಂಗ್‌ನಲ್ಲಿ ಜೊತೆಗೆ ನಡೆದು, ತಿಂಗಳುಗಟ್ಟಲೆ ಪರಿಚಯವಾಗಿರುತ್ತದೆ. ಬರ್ಲಿನ್‌ನ ಯಾವ ಆಶ್ರಯಧಾಮವೂ ಇಷ್ಟು ದೀರ್ಘ ಭೇಟಿ ಏರ್ಪಡಿಸಲಾರದು. ಇಂಥ ಗೆಳೆತನ ಕಣ್ಣೆದುರೇ ಇರುವಾಗ, ಎಲ್ಲಿಂದಲೋ ಎಂಟು ವಾರವೂ ತುಂಬದ ಮರಿಯನ್ನು ದುಡ್ಡು ಕೊಟ್ಟು ತರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವ ಹಾಗೇ ಇಲ್ಲ.

ತಂಗಿಯ ರಸ್ತೆಯಲ್ಲಿ ಕರಿಯ ಅಂತ ಒಬ್ಬನಿದ್ದಾನೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದೆ, ಅಂದರೆ ಸಂತಾನಹರಣ ಆಪರೇಷನ್ ಆಗಿದೆ. ನಡುವಯಸ್ಸು, ಗಡಿಬಿಡಿ ಇಲ್ಲದ ಸ್ವಭಾವ. ಚಿನ್ನು ಬೇರೆ ನಾಯಿಗಳಿಗೆ ಬೊಗಳುತ್ತಾಳೆ, ಅವನ ಪಕ್ಕದಲ್ಲಿ ಸುಮ್ಮನೆ ನಡೆಯುತ್ತಾಳೆ. ‘ಇವನನ್ನೇ ಯಾಕೆ ನೋಡಬಾರದು?’ ಅಂದೆ. ತಂಗಿಗೆ ಆ ಯೋಚನೆಯೇ ಬಂದಿರಲಿಲ್ಲ. ಬೀದಿಯಲ್ಲಿ ಬೆಳೆದ ದೊಡ್ಡ ನಾಯಿಗಳೆಲ್ಲ ನಾಲ್ಕು ಗೋಡೆಯೊಳಗೆ ಇರಲು ಒಪ್ಪುವುದಿಲ್ಲ ಎಂಬುದೂ ನಿಜ. ಕೆಲವಕ್ಕೆ ರಸ್ತೆಯೇ ಮನೆ, ಅದರ ಗೆಳೆಯರೂ ಅಲ್ಲೇ. ಎಳೆದು ತಂದು ಕಟ್ಟಿ ಹಾಕಿದರೆ ಅದು ಉಪಕಾರವಾಗಲ್ಲ. ಅದಕ್ಕೇ ಮೊದಲು ಪೋರ್ಟಿಕೋದಲ್ಲಿ ರಾತ್ರಿ ಮಲಗಲು ಚೀಲ ಹಾಸಿದರು. ಬರುವುದು ಹೋಗುವುದು ಅವನಿಗೇ ಬಿಟ್ಟರು. ಈಗ ಊಟವಾದ ಮೇಲೂ ಅಲ್ಲೇ ಇರುತ್ತಾನಂತೆ.

ಒಳಗೆ ತರುವ ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಬೆಂಗಳೂರಿನಲ್ಲಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಟಿಕ್ ಫೀವರ್ ಜಾಸ್ತಿ, ಮೇಲೆ ಏನೂ ಕಾಣದಿದ್ದರೂ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರೇಬಿಸ್, ಡಿಸ್ಟೆಂಪರ್, ಪಾರ್ವೋ ಎಂಬ ವೈರಸ್ ಕಾಯಿಲೆಗಳ ಲಸಿಕೆ ಎರಡೂ ನಾಯಿಗಳಿಗೆ ಸರಿಯಾಗಿ ಆಗಿರಬೇಕು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದೆ ಮನೆಯಲ್ಲಿ ಪಾರ್ವೋ ಬಂದಿದ್ದರೆ ಲಸಿಕೆ ಮುಗಿಯದ ಮರಿ ತರಲೇಬಾರದು.

ಬಂದ ಮೇಲೆ ಮೊದಲ ವಾರಗಳಲ್ಲಿ ತಟ್ಟೆ ಬೇರೆ, ಮಲಗುವ ಜಾಗ ಬೇರೆ. ಊಟ ಬೇರೆ ಬೇರೆ ಕೋಣೆಯಲ್ಲಿ. ಮೂಳೆ, ಹಳೇ ಬೊಂಬೆ ಎತ್ತಿಡಿ. ಬಹಳ ಜಗಳ ಶುರುವಾಗುವುದು ಇವಕ್ಕೇ. ಸೋಫಾ ಮೇಲೆ ಮೊದಲಿಂದ ಮಲಗುತ್ತಿದ್ದ ನಾಯಿಗೆ ಆ ಜಾಗ ಹಾಗೇ ಇರಲಿ. ನಾವು ಹೊರಗೆ ಹೋಗುವಾಗ ಎರಡನ್ನೂ ಒಂದೇ ಕೋಣೆಯಲ್ಲಿ ಬಿಡಬಾರದು. ದೀಪಾವಳಿಗೆ ಮುಂಚಿನ ವಾರದಲ್ಲಿ ಹೊಸ ನಾಯಿ ತರುವುದಂತೂ ಬೇಡವೇ ಬೇಡ. ಪಟಾಕಿಗೆ ನಡುಗುವ ಎರಡು ಅಪರಿಚಿತ ಪ್ರಾಣಿಗಳು ಒಂದೇ ಮಂಚದ ಕೆಳಗೆ ನುಗ್ಗಿದರೆ ಕಚ್ಚಾಟ ಆಗಬಹುದು.

ಫ್ಲ್ಯಾಟ್‌ನವರಿಗೆ ಇನ್ನೊಂದು ಚಿಂತೆ, ಅಸೋಸಿಯೇಷನ್ ಏನನ್ನುತ್ತದೋ ಎಂದು. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ನಿಯಮ ತರಲು ಹೊರಟು, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಅಸೋಸಿಯೇಷನ್‌ಗಳು ಸಾಕು ನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೂ ಲಿಫ್ಟಿನಲ್ಲಿ ಎರಡು ನಾಯಿ ಹಿಡಿದು ನಿಲ್ಲುವುದು ಒಂದನ್ನು ಹಿಡಿದಷ್ಟು ಸುಲಭವಲ್ಲ. ನೆರೆಯವರಿಗೆ ಮೊದಲೇ ಹೇಳುವುದು ಮರ್ಯಾದೆ.

ಬೆಂಗಳೂರಿನ ದತ್ತು ಶಿಬಿರಗಳನ್ನು ನಡೆಸುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಕೆಲಸ ದೊಡ್ಡದು. ಮನೆಯಲ್ಲಿ ನಾಯಿ ಇದ್ದವರಿಗೆ ಅದನ್ನು ಕರೆತರದೆ ಎರಡನೆಯದನ್ನು ಅದೇ ದಿನ ಕೊಟ್ಟು ಕಳಿಸಬೇಡಿ. ಫಾರ್ಮಿನಲ್ಲಿ ಮೊದಲ ನಾಯಿಯ ವಯಸ್ಸು, ಕಾಯಿಲೆ, ಆಪರೇಷನ್, ಊಟದ ಹೊತ್ತಿನ ವರ್ತನೆ, ಇಷ್ಟು ಕೇಳಿ. ಊರಿನಲ್ಲಿ ಆಗಲೇ ಫಾಸ್ಟರ್ ಪದ್ಧತಿ, ಅಂದರೆ ನಾಯಿಯನ್ನು ಸ್ವಲ್ಪ ಕಾಲ ಮಾತ್ರ ಮನೆಯಲ್ಲಿಟ್ಟು ನೋಡಿಕೊಳ್ಳುವ ಪದ್ಧತಿ ಇದೆ. ಎರಡನೇ ನಾಯಿಯ ವಿಷಯದಲ್ಲಿ ಅದನ್ನೇ ರೂಢಿ ಮಾಡಿ: ಕೆಲವು ವಾರ ಫಾಸ್ಟರ್, ಆಮೇಲೆ ದತ್ತು. ಹೊಂದಿಕೆಯಾಗದೆ ವಾಪಸ್ ತಂದವರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿದವರು ವಾಪಸ್ ತರುವುದಿಲ್ಲ, ನೈಸ್ ರಸ್ತೆ ಪಕ್ಕದಲ್ಲಿ ಬಿಟ್ಟು ಹೋಗುತ್ತಾರೆ.