ಅಕ್ಕನ ಗಡ್ಡ, ಭಾವನ ಅಂಗಿ

ಮನುಷ್ಯರ ಚಿತ್ರ ಬಿಡಿಸುವವರಿಗೆ ಮನೆಯಲ್ಲಿ ಮಾಡೆಲ್ ಸಿಗುವುದು ಒಂದೇ ಸಲ. ಚಿತ್ರ ನೋಡಿದ ಮೇಲೆ ಯಾರೂ ಮತ್ತೆ ಕೂರುವುದಿಲ್ಲ.

ಮೊದಲು ಅಕ್ಕ ಕೂತಳು. ಸಣ್ಣ ಸಣ್ಣ ಗೆರೆ ಗೀಚಿ ಗೀಚಿ ಗಲ್ಲ ಮುಗಿಸಿದೆ. "ನಂಗೆ ಗಡ್ಡ ಯಾವಾಗ ಬಂತೋ?" ಅಂದಳು. ಅದು ಗಡ್ಡವಲ್ಲ, ಅನುಮಾನ. ಯಾವ ಗೆರೆ ಸರಿ ಅಂತ ಕೈಗೆ ಗೊತ್ತಿಲ್ಲದಿದ್ದರೆ ಅದು ಹತ್ತು ಗೆರೆ ಎಳೆದು, ನೋಡುವವರೇ ಆರಿಸಿಕೊಳ್ಳಲಿ ಅಂತ ಬಿಟ್ಟುಬಿಡುತ್ತದೆ. ಇದಕ್ಕೆ ಮದ್ದು, ಮಣಿಕಟ್ಟನ್ನು ಸುಮ್ನಿರಿಸಿ ಭುಜದಿಂದ ಕೈ ಬೀಸುವುದು. ಗೆರೆ ಎಲ್ಲಿಗೆ ಮುಟ್ಟಬೇಕೋ ಆ ಜಾಗವನ್ನೇ ನೋಡುತ್ತಾ ಒಂದೇ ಉಸಿರಿಗೆ ಎಳೆಯಬೇಕು. ನನ್ನ ಮೊದಲ ಬೀಸು ಗಲ್ಲ ದಾಟಿ, ಕಾಗದ ದಾಟಿ, ಮೇಜಿನ ಮೇಲೆ ಹೋಗಿ ನಿಂತಿತು. ಗೆರೆ ಮಾತ್ರ ಬಹಳ ಚೆನ್ನಾಗಿತ್ತು.

ಶೇಡಿಂಗ್‌ಗೆ ಸಿಕ್ಕವರು ಭಾವ. ಬಿಳಿ ಅಂಗಿ ಹಾಕಿಕೊಂಡು ಸೋಫಾದಲ್ಲಿ ನಿದ್ದೆ ಹೋಗಿದ್ದರು. ಇದಕ್ಕಿಂತ ಒಳ್ಳೆಯ ಮಾಡೆಲ್ ಇಲ್ಲ. ಅಲುಗಾಡುವುದಿಲ್ಲ, ಅಭಿಪ್ರಾಯವನ್ನೂ ಹೇಳುವುದಿಲ್ಲ.

ನಮ್ಮವರ ಮುಖಕ್ಕೆ ಕಪ್ಪು ಮೆತ್ತಲು ಯಾರಿಗೂ ಕೈ ಬರುವುದಿಲ್ಲ. ಹಾಗಾಗಿ ಎಲ್ಲವೂ ಒಂದೇ ಬೂದು ಬಣ್ಣವಾಗಿ ಮೂಗು ಚಪ್ಪಟೆಯಾಗುತ್ತದೆ. ಎಚ್‌ಬಿ ಪೆನ್ಸಿಲನ್ನು ಎಷ್ಟು ಒತ್ತಿದರೂ ಕಾಗದ ಹರಿಯುತ್ತದೆಯೇ ಹೊರತು ಕಪ್ಪಾಗುವುದಿಲ್ಲ. 1795ರಲ್ಲಿ ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಪೆನ್ಸಿಲ್ ಕಡ್ಡಿ ಮಾಡಿದ. ಮಣ್ಣು ಜಾಸ್ತಿಯಾದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ. ಅಂದರೆ ನಾನು ಭಾವನ ಕೂದಲಿಗೆ ಮಣ್ಣು ತಿಕ್ಕುತ್ತಿದ್ದೆ. ಮಣ್ಣು ಕಡಿಮೆಯಿರುವ, ಮೆತ್ತನೆಯ 6ಬಿ ಪೆನ್ಸಿಲ್ ತೆಗೆದುಕೊಂಡೆ. ಕಪ್ಪಾಯಿತು, ಆದರೆ ಒತ್ತಿದಷ್ಟೂ ಗ್ರಾಫೈಟ್ ಮಿಂಚತೊಡಗಿತು. ನಿಜವಾದ ಕಪ್ಪು ಬೇಕಿದ್ದರೆ ಚಾರ್ಕೋಲೇ, ಅಂದರೆ ಇದ್ದಿಲ ಕಡ್ಡಿಯೇ ಸರಿ.

ಗಲ್ಲದ ಕೆಳಗೆ ಇನ್ನೊಂದು ತಕರಾರು. ಅಂಗಿಗೆ ಬಿದ್ದ ಬೆಳಕು ಪುಟಿದು ಗಲ್ಲದ ಅಡಿಗೆ ಬರುತ್ತದೆ. ಕಂಡಿತಲ್ಲ ಅಂತ ಅದನ್ನು ಬೆಳ್ಳಗೆ ಬಿಟ್ಟರೆ ಭಾವ ಟಾರ್ಚ್ ಹಿಡಿದು ದೆವ್ವದ ಕಥೆ ಹೇಳುವವರ ಹಾಗೆ ಕಾಣುತ್ತಾರೆ. ಎಷ್ಟಾದರೂ ಅದು ನೆರಳಿನ ಒಳಗಿನ ಬೆಳಕು. ಬೆಳಕಿನ ಕಡೆಯ ಕೆನ್ನೆಗಿಂತ ಕಪ್ಪಾಗೇ ಇರಬೇಕು.

ಅಂಗಿಯದಂತೂ ದೊಡ್ಡ ಮೋಸ. ಬಿಳಿ ಅಂಗಿ ಅಂತ ಗೊತ್ತಿರುವುದರಿಂದ ಮಿದುಳು ನೆರಳಲ್ಲೂ ಅದನ್ನು ಬಿಳಿ ಅಂತಲೇ ಸಾಧಿಸುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಒಂದು ಚದುರಂಗದ ಹಾಸಿನ ಚಿತ್ರ ಮಾಡಿದರು. ಅದರಲ್ಲಿ ನೆರಳಿನಲ್ಲಿರುವ ಬಿಳಿ ಮನೆ ಮತ್ತು ಬೆಳಕಿನಲ್ಲಿರುವ ಕಪ್ಪು ಮನೆ ಎರಡೂ ಒಂದೇ ಬೂದು ಬಣ್ಣ. ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ. ಅದಕ್ಕೇ ಚಿತ್ರಗಾರರು ಕಣ್ಣನ್ನು ಅರೆ ಮುಚ್ಚಿ ನೋಡುವುದು. ಗುಂಡಿ, ಮಡಿಕೆಗಳೆಲ್ಲ ಕರಗಿ, ಕತ್ತಲು ಬೆಳಕಿನ ಎರಡು ಮೂರು ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ.

ಹಾಗೆ ಕಣ್ಣು ಕಿರಿದು ಮಾಡಿ ಭಾವನ ಹತ್ತಿರಕ್ಕೇ ಬಗ್ಗಿದೆ. ಕಾಗದದ ಮೇಲೆ ಚಾರ್ಕೋಲ್ ಪುಡಿ ಜಾಸ್ತಿಯಾಗಿತ್ತು. ಒಂದು ಸಲ ಜೋರಾಗಿ ಊದಿದೆ.

ಭಾವ ಎದ್ದರು. ಅಂಗಿ ನೋಡಿಕೊಂಡರು.

"ಏನೋ ಇದು ಕಪ್ಪು?"

"ನೆರಳು, ಭಾವ."

ಅವರು ಎದ್ದುಹೋಗಿ ಕಿಟಕಿಯ ಬೆಳಕಿನಲ್ಲಿ ನಿಂತರು. ನೆರಳು ಹೋಗಲಿಲ್ಲ.