ಮಾಹಿತಿ ಹಕ್ಕಿನ ಅರ್ಜಿಗೆ ಮಿತಿ ಬೇಕೇ?

ಪರ: ಕೆಲಸ ಮಾಡುವ ಕೈ ಎಷ್ಟಿವೆ ನೋಡಿ
*(ನಿವೃತ್ತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಡಿಒ)*

ಮಾಹಿತಿ ಹಕ್ಕು ಬೇಡ ಅಂತ ನಾನು ಹೇಳುತ್ತಿಲ್ಲ. ಕೇಂದ್ರದ ಕಾಯ್ದೆ 2005ರಲ್ಲಿ ಬಂತು. ಕರ್ನಾಟಕ ಅದಕ್ಕೂ ಮುಂಚೆ, 2000ದಲ್ಲೇ, ತನ್ನದೇ ಕಾಯ್ದೆ ಮಾಡಿತ್ತು. ಅದು ನಮ್ಮ ರಾಜ್ಯಕ್ಕೆ ಹೆಮ್ಮೆಯ ವಿಷಯವೇ. ನಾನು ಕೇಳುವುದು ಇಷ್ಟೇ: ಒಬ್ಬ ವ್ಯಕ್ತಿ ಒಂದು ಕಚೇರಿಗೆ ವರ್ಷಕ್ಕೆ ಇಷ್ಟು ಅರ್ಜಿ ಹಾಕಬಹುದು ಎಂಬ ಮಿತಿ ಇರಲಿ. ತನ್ನ ಖಾತೆ, ತನ್ನ ಪಿಂಚಣಿ, ತನ್ನ ರೇಷನ್ ಕಾರ್ಡ್ ಬಗ್ಗೆ ಕೇಳುವವರಿಗೆ ಆ ಮಿತಿ ಬೇಡ. ಮಿಕ್ಕವರಿಗೆ ಬೇಕು.

ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಯಾರಿರುತ್ತಾರೆ? ಪಿಡಿಒ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಒಬ್ಬ ಅಟೆಂಡರ್, ನೀರುಗಂಟಿಗಳು. ಕಾರ್ಯದರ್ಶಿ ಹುದ್ದೆ ಖಾಲಿ ಇದ್ದರೆ ಆ ಕೆಲಸವೂ ಪಿಡಿಒ ತಲೆಗೆ. ಎಷ್ಟೋ ಕಡೆ ಒಬ್ಬನೇ ಪಿಡಿಒ ಎರಡು ಪಂಚಾಯಿತಿ ನೋಡುತ್ತಾನೆ. ಬೆಳಿಗ್ಗೆ ಏಳಕ್ಕೆ ಬೋರ್‌ವೆಲ್ ಮೋಟಾರ್ ಸುಟ್ಟಿದೆ ಅಂತ ಫೋನ್ ಬರುತ್ತದೆ. ಹತ್ತಕ್ಕೆ ತಾಲ್ಲೂಕು ಪಂಚಾಯಿತಿಯಲ್ಲಿ ಮೀಟಿಂಗ್. ಮಧ್ಯಾಹ್ನ ಇ-ಸ್ವತ್ತು ನಮೂನೆಗೆ ಜನ ಸಾಲುಗಟ್ಟಿರುತ್ತಾರೆ. ಸಾರ್ವಜನಿಕ ಮಾಹಿತಿ ಅಧಿಕಾರಿಯೂ ಅವನೇ. ಇದಕ್ಕೆ ಬೇರೆ ಗುಮಾಸ್ತರಿಲ್ಲ, ಬೇರೆ ಜೆರಾಕ್ಸ್ ಯಂತ್ರವಿಲ್ಲ. ಕೆಲಸ ಮಾಡುವ ಕೈ ಎಷ್ಟಿವೆ ಅಂತ ಕಾಯ್ದೆ ಕೇಳುವುದಿಲ್ಲ, 30 ದಿನದೊಳಗೆ ಕೊಡು ಅನ್ನುತ್ತದೆ. ತಡವಾದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಅದನ್ನು ಅಧಿಕಾರಿ ತನ್ನ ಸಂಬಳದಿಂದಲೇ ಕಟ್ಟಬೇಕು.

ನನ್ನ ಸರ್ವಿಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೇರೆ ತಾಲ್ಲೂಕಿನ ಒಬ್ಬ ಮನುಷ್ಯ ನಮ್ಮ ಪಂಚಾಯಿತಿಗೆ ಅರ್ಜಿ ಕಳಿಸಲು ಶುರು ಮಾಡಿದ. ಹತ್ತು ವರ್ಷದ ಎಲ್ಲ ಕಾಮಗಾರಿಗಳ ಕ್ರಿಯಾ ಯೋಜನೆ, ಎಸ್ಟಿಮೇಟ್, ಕೆಲಸದ ಅಳತೆ ಬರೆದಿಡುವ ಎಂ.ಬಿ. ಪುಸ್ತಕ, ಬಿಲ್ಲು, ವೋಚರ್, ಫೋಟೊ, ಎಲ್ಲದರ ದೃಢೀಕೃತ ಪ್ರತಿ ಬೇಕಂತೆ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆತ ಅದನ್ನು ಚೆನ್ನಾಗಿ ಓದಿಕೊಂಡಿದ್ದ. ಒಂದೊಂದು ವರ್ಷಕ್ಕೆ ಒಂದೊಂದು ಅರ್ಜಿ, ಪ್ರತಿಯೊಂದಕ್ಕೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಸುತ್ತಲ ಪಂಚಾಯಿತಿಗಳಿಗೂ ಇದೇ ಅರ್ಜಿ ಹೋಗಿತ್ತು, ಪಂಚಾಯಿತಿ ಹೆಸರು ಮಾತ್ರ ಬೇರೆ.

ಆಮೇಲೆ ಫೋನ್ ಬಂತು. "ಸಾರ್, ಅರ್ಜಿ ಸಿಕ್ತಾ? ಸುಮ್ನೆ ಯಾಕೆ ತಲೆಬಿಸಿ, ಒಂದ್ಸಲ ಸಿಗಿ, ಕೂತು ಮಾತಾಡೋಣ." ಆ ಮಾತಿನ ಅರ್ಥ ಪ್ರತಿಯೊಬ್ಬ ಪಿಡಿಒಗೂ ಗೊತ್ತು. ನಾನು ಸಿಗಲಿಲ್ಲ. ಬಿಲ್ ಕಲೆಕ್ಟರ್ ಮತ್ತು ಆಪರೇಟರ್ ಇಬ್ಬರನ್ನೂ ಕೂರಿಸಿಕೊಂಡು ಹಳೆ ಕಡತ ತೆಗೆಸಿದೆ. ಗೆದ್ದಲು ಹಿಡಿದ ಫೈಲುಗಳು, ಮೂಲೆ ಹರಿದ ಎಂ.ಬಿ. ಪುಸ್ತಕಗಳು. ಪುಟ ಎಣಿಸಿ, ಪುಟಕ್ಕೆ ಎರಡು ರೂಪಾಯಿಯಂತೆ ಶುಲ್ಕ ಕಟ್ಟಿ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿದೆವು. ಆತ ಶುಲ್ಕ ಕಟ್ಟಲಿಲ್ಲ, ಕಡತ ನೋಡಲೂ ಬರಲಿಲ್ಲ. ನೇರ ಮೇಲ್ಮನವಿ ಹಾಕಿದ, ಅಲ್ಲಿಂದ ರಾಜ್ಯ ಮಾಹಿತಿ ಆಯೋಗಕ್ಕೆ ಹೋದ. ವಿಚಾರಣೆ ಅಂತ ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಮಾಹಿತಿ ಸೌಧಕ್ಕೆ ಹೋದರೆ ಅರ್ಜಿದಾರನೇ ಗೈರು.

ಆ ದಿನಗಳಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಮನೆ ಖಾತೆ ಬದಲಾವಣೆಗೆ ಓಡಾಡುತ್ತಿದ್ದರು. ಸೊಸೈಟಿ ಸಾಲಕ್ಕೆ ಅವರಿಗೆ ಆ ದಾಖಲೆ ಬೇಕಿತ್ತು. "ನಾಳೆ ಬನ್ನಿ ಅಮ್ಮ" ಅಂತ ನಮ್ಮ ಆಪರೇಟರ್ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅವರೂ ಸಾರ್ವಜನಿಕರೇ ಅಲ್ವಾ? ಅವರ ಹಕ್ಕಿನ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಎರಡೂ ಕೆಲಸ ಮಾಡಬೇಕಿದ್ದದ್ದು ಅದೇ ನಾಲ್ಕು ಕೈ.

ಮಿತಿ ಅಂದ ಕೂಡಲೇ "ಕಳ್ಳನಿಗೆ ಮಾತ್ರ ಭಯ" ಅನ್ನುವವರಿದ್ದಾರೆ. ಅವರ ಲೆಕ್ಕದಲ್ಲಿ ಸರ್ಕಾರಿ ಕೆಲಸದಲ್ಲಿರುವವರೆಲ್ಲ ಕಳ್ಳರು, ಅರ್ಜಿ ಹಾಕುವವರೆಲ್ಲ ಹೋರಾಟಗಾರರು. ಇನ್ನು ಕೆಲವರು, ಎಲ್ಲ ದಾಖಲೆಯನ್ನೂ ನೀವೇ ವೆಬ್‌ಸೈಟಿಗೆ ಹಾಕಿದ್ದರೆ ಅರ್ಜಿಯೇ ಬರುತ್ತಿರಲಿಲ್ಲ ಅನ್ನುತ್ತಾರೆ. ಸರ್ವರ್ ಡೌನ್ ಆಗಿ ಇ-ಸ್ವತ್ತೇ ತೆರೆಯದ ಊರಿಗೆ ಅವರು ಒಮ್ಮೆ ಬರಲಿ.

ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಎಚ್ಚರಿಸಿದೆ. ಶೇ 75ರಷ್ಟು ಸಿಬ್ಬಂದಿ ತಮ್ಮ ಶೇ 75ರಷ್ಟು ಸಮಯವನ್ನು ಮಾಹಿತಿ ಒದಗಿಸುವುದಕ್ಕೇ ಕಳೆಯುವಂಥ ಸ್ಥಿತಿ ದೇಶಕ್ಕೆ ಬೇಡ ಎಂದಿದೆ. ಹಾಗಾಗಿ ನಾನು ಕೇಳುವುದು ಅತಿಯೇನಲ್ಲ. ಅರ್ಜಿದಾರನ ಗುರುತಿನ ಚೀಟಿ ಕಡ್ಡಾಯವಾಗಲಿ. ಒಂದೇ ಕಚೇರಿಗೆ ವರ್ಷಕ್ಕೆ ಇಷ್ಟೇ ಅರ್ಜಿ ಅಂತ ನಿಗದಿಯಾಗಲಿ. ಶುಲ್ಕ ಕಟ್ಟದೆ ಮೇಲ್ಮನವಿಗೆ ಹೋಗುವವರ ಹೊಸ ಅರ್ಜಿಯನ್ನು ಹಳೆಯದು ಮುಗಿಯುವವರೆಗೆ ತೆಗೆದುಕೊಳ್ಳಬಾರದು. ಇಷ್ಟು ಮಾಡಿದರೆ ನನ್ನ ಜಾಗದಲ್ಲಿ ಈಗ ಕೂತಿರುವ ಹುಡುಗ ಹುಡುಗಿಯರು ಊರಿನ ಕೆಲಸ ಮಾಡಬಹುದು.

ವಿರೋಧ: ಎಣಿಸಿದರೆ ಪೆಟ್ಟು ಬೀಳುವುದು ಬಡವರಿಗೆ
*(ವಕೀಲೆ)*

ನನಗೆ ವಿರೋಧದ ಕಡೆ ಬರೆಯಿರಿ ಅಂದರು. ಪೂರ್ತಿ ಒಂದೇ ಕಡೆ ನಿಲ್ಲುವುದು ನನಗೆ ಕಷ್ಟ. ಅರ್ಜಿ ಹಾಕಿ ದುಡ್ಡು ಕೇಳುವವರು ಇದ್ದಾರೆ, ಅವರಿಂದ ಒಳ್ಳೆಯ ಅಧಿಕಾರಿಗಳೂ ನೊಂದಿದ್ದಾರೆ. ಆದರೆ ಅದಕ್ಕೆ ಮದ್ದು ಮಿತಿಯಲ್ಲ. ಬೆದರಿಸಿ ಹಣ ಕೇಳುವುದು ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮು ಇರುವುದೇ ಅದಕ್ಕೆ. ಫೋನ್ ಬಂದಾಗ ಪೊಲೀಸರಿಗೆ ದೂರು ಕೊಡಬೇಕು, ಊರವರೆಲ್ಲರ ಅರ್ಜಿ ಎಣಿಸಲು ಹೊರಡಬಾರದು.

ಎಣಿಸುವುದಾದರೂ ಹೇಗೆ? ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ನಿಯಮವನ್ನು ಮಾಡಿದ್ದು ಸರ್ಕಾರವೇ. ಕೇಂದ್ರದ 2012ರ ನಿಯಮದಲ್ಲಿ 500 ಪದದವರೆಗೆ ಅವಕಾಶವಿದೆ. ನಮ್ಮಲ್ಲಿ ಒಂದು ರಸ್ತೆಯ ಬಗ್ಗೆ ಎಸ್ಟಿಮೇಟ್, ಎಂ.ಬಿ., ಬಿಲ್ಲು ಮೂರನ್ನೂ ಒಟ್ಟಿಗೆ ಕೇಳಿದರೆ "ಒಂದಕ್ಕಿಂತ ಹೆಚ್ಚು ವಿಷಯ ಇದೆ" ಅಂತ ಹಿಂಬರಹ ಬರುತ್ತದೆ. ಅಂಥ ಹಿಂಬರಹ ಹಿಡಿದು ನನ್ನ ಬಳಿ ಬಂದ ರೈತರಿದ್ದಾರೆ. ಅವರು ಮೂರು ಅರ್ಜಿ ಮಾಡಿ ಹಾಕಲೇಬೇಕು. ಆಮೇಲೆ ಆ ಮೂರನ್ನೇ ಎಣಿಸಿ "ನಿಮ್ಮ ಲೆಕ್ಕ ಮುಗಿಯಿತು" ಅನ್ನುವುದು ಯಾವ ನ್ಯಾಯ?

ಸ್ವಂತ ಕಡತಕ್ಕೆ ಮಿತಿ ಬೇಡ ಎಂದು ಮಾನ್ಯ ನಿವೃತ್ತ ಅಧಿಕಾರಿಗಳು ಹೇಳುತ್ತಾರೆ. ಊರಿನ ರಸ್ತೆ ಯಾರ ಸ್ವಂತ? 1996ರಲ್ಲಿ ರಾಜಸ್ಥಾನದ ಬ್ಯಾವರ್‌ನಲ್ಲಿ ಜನ 40 ದಿನ ಧರಣಿ ಕೂತಿದ್ದು ಇದಕ್ಕೇ. ಪಂಚಾಯಿತಿ ಕಾಮಗಾರಿಯ ಬಿಲ್ಲು, ವೋಚರ್, ಕೂಲಿ ಹಾಜರಿ ಪಟ್ಟಿ ತೋರಿಸಿ ಅಂತ. ಈ ಕಾಯ್ದೆಯ ಬೇರು ಅಲ್ಲಿದೆ. ಯಾಕೆ ಬೇಕು ಅಂತ ಅರ್ಜಿದಾರರನ್ನು ಕೇಳುವಂತಿಲ್ಲ ಅಂತ 6(2)ನೇ ಕಲಮು ಹೇಳುತ್ತದೆ. ನಿಮ್ಮದಾ, ಊರಿನದಾ ಅಂತ ವಿಂಗಡಿಸಲು ಹೊರಟರೆ ಆ ಪ್ರಶ್ನೆಯೇ ಹಿಂಬಾಗಿಲಿಂದ ಬಂದಂತೆ.

ಕಾಯ್ದೆಯಲ್ಲಿ ಅಧಿಕಾರಿಗೂ ರಕ್ಷಣೆ ಇದೆ. ಕೇಳಿದ ರೂಪದಲ್ಲಿ ಕೊಡಲು ಹೋದರೆ ಕಚೇರಿಯ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ ಎಂದಾದರೆ, 7(9)ನೇ ಕಲಮಿನಡಿ ಬೇರೆ ರೂಪದಲ್ಲಿ ಕೊಡಬಹುದು. ಬಂದು ಕಡತ ನೋಡಿಕೊಳ್ಳಿ ಅಂತ ದಿನ ಗೊತ್ತು ಮಾಡಬಹುದು. ದಂಡವೂ ಸಕಾರಣವಿಲ್ಲದೆ ತಡ ಮಾಡಿದವರಿಗೆ ಮಾತ್ರ. ಅದೂ ಅವರ ಮಾತು ಕೇಳಿದ ಮೇಲೆ. ಇನ್ನು 2011ರ ಆ ತೀರ್ಪು, ವಿದ್ಯಾರ್ಥಿಗಳು ತಮ್ಮದೇ ಉತ್ತರ ಪತ್ರಿಕೆ ನೋಡಬಹುದು ಎಂದು ಬಾಗಿಲು ತೆರೆದ ತೀರ್ಪು. ಅದರ ಒಂದು ಸಾಲನ್ನಷ್ಟೇ ಎತ್ತಿ ಹೇಳುವುದು ಸರಿಯಲ್ಲ.

ಗುರುತಿನ ಚೀಟಿ ಕಡ್ಡಾಯ ಮಾಡಿ ಅನ್ನುವುದು ನನಗೆ ಹೆಚ್ಚು ಭಯ ಹುಟ್ಟಿಸುವ ಮಾತು. 2010ರ ಜನವರಿಯಲ್ಲಿ ಪುಣೆ ಬಳಿಯ ತಳೇಗಾಂವ್‌ನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತ ಸತೀಶ್ ಶೆಟ್ಟಿ ಅವರನ್ನು ಕೊಂದರು. ಅವರು ಭೂ ಅಕ್ರಮಗಳನ್ನು ಬಯಲಿಗೆಳೆಯುತ್ತಿದ್ದರು. ಅದೇ ವರ್ಷ ಜುಲೈನಲ್ಲಿ ಇನ್ನೊಬ್ಬ ಮಾಹಿತಿ ಹಕ್ಕು ಕಾರ್ಯಕರ್ತ ಅಮಿತ್ ಜೇಠ್ವಾ ಅವರನ್ನು ಗುಜರಾತ್ ಹೈಕೋರ್ಟ್ ಎದುರೇ ಗುಂಡಿಟ್ಟು ಕೊಂದರು. ಅವರು ಗಿರ್ ಅರಣ್ಯದ ಸುತ್ತಲಿನ ಅಕ್ರಮ ಗಣಿಗಾರಿಕೆಯ ವಿರುದ್ಧ ಹೋರಾಡುತ್ತಿದ್ದರು. ಹಗರಣ ಬಯಲಿಗೆಳೆಯುವವರನ್ನು ಕಾಪಾಡುವ ಕಾಯ್ದೆ 2014ರಲ್ಲಿ ಪಾಸಾಯಿತು, ಇವತ್ತಿಗೂ ಜಾರಿಯಾಗಿಲ್ಲ. ಕಾಪಾಡಲು ಗತಿಯಿಲ್ಲದಿರುವಾಗ ಅರ್ಜಿದಾರರ ಗುರುತು ಕೇಳುವುದು ತಪ್ಪು.

ಪಂಚಾಯಿತಿಯಲ್ಲಿ ಕೈ ಕಡಿಮೆ ಅನ್ನುವುದನ್ನು ಒಪ್ಪುತ್ತೇನೆ. ಅದಕ್ಕೆ ಹುದ್ದೆ ತುಂಬಿ. ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ಮಾಹಿತಿಯ ಪಟ್ಟಿ 4(1)(ಬಿ)ಯಲ್ಲಿ 2005ರಿಂದಲೂ ಇದೆ. ಸರ್ವರ್ ಡೌನ್ ಇದ್ದರೂ ಕಚೇರಿ ಗೋಡೆಗೆ ಹಾಳೆ ಅಂಟಿಸಬಹುದು. ಆಯೋಗದ ವಿಚಾರಣೆಗಳನ್ನೆಲ್ಲ ವಿಡಿಯೊ ಮೂಲಕ ನಡೆಸಿದರೆ ಪಿಡಿಒ ರಾತ್ರಿ ಬಸ್ಸು ಹತ್ತಬೇಕಿಲ್ಲ, ಕೂಲಿ ಬಿಟ್ಟು ಬರುವ ಅರ್ಜಿದಾರನೂ ಹತ್ತಬೇಕಿಲ್ಲ.