ಫುಟ್‌ಬಾಲ್‌ನಲ್ಲಿ ಡಿಕ್ಸಿ ಡೀನ್ ಒಂದೇ ಸೀಸನ್‌ನಲ್ಲಿ ಹೊಡೆದ 60 ಗೋಲು ಆಫ್‌ಸೈಡ್ ನಿಯಮದ ಕೊಡುಗೆಯೇ?

ಪರ

1925ರವರೆಗೆ ಇಂಗ್ಲೆಂಡಿನ ಫಾರ್ವರ್ಡ್‌ಗಳ, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರರ ಪಾಡು ಯಾರಿಗೂ ಬೇಡ. ಚೆಂಡು ಪಾಸ್ ಆಗುವಾಗ ಅವರಿಗೂ ಗೋಲ್ ಗೆರೆಗೂ ನಡುವೆ ಗೋಲ್‌ಕೀಪರ್ ಸೇರಿ ಎದುರಾಳಿಗಳು ಮೂವರಿರಬೇಕಿತ್ತು. ಇಲ್ಲದಿದ್ದರೆ ಆಫ್‌ಸೈಡ್. ಒಬ್ಬ ಬ್ಯಾಕ್ (ರಕ್ಷಣಾ ಆಟಗಾರ) ಸುಮ್ನೆ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ದಾಳಿ ಅಲ್ಲಿಗೇ ಮುಗೀತು. ಲೆಕ್ಕ ತಪ್ಪಿದರೂ ಹಿಂದೆ ಇನ್ನೊಬ್ಬ ಬ್ಯಾಕ್ ಕಾವಲಿಗೆ ಇದ್ದೇ ಇರುತ್ತಿದ್ದ. ಆ ವರ್ಷ ಮೂವರನ್ನು ಇಬ್ಬರು ಮಾಡಿದರು. ಈಗ ಬ್ಯಾಕ್ ಎಡವಿದರೆ ಫಾರ್ವರ್ಡ್ ಎದುರಿಗೆ ಗೋಲ್‌ಕೀಪರ್ ಮಾತ್ರ.

1924-25ರಲ್ಲಿ ಇಂಗ್ಲಿಷ್ ಲೀಗಿನ ಅತಿ ಮೇಲಿನ ಹಂತವಾದ ಫಸ್ಟ್ ಡಿವಿಷನ್‌ನ 462 ಪಂದ್ಯಗಳಲ್ಲಿ ಬಂದದ್ದು 1,192 ಗೋಲು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703! ಒಂದೇ ವರ್ಷದಲ್ಲಿ ಫಾರ್ವರ್ಡ್‌ಗಳೆಲ್ಲ ಜಾಣರಾಗಿಬಿಟ್ಟರಾ? ಇಲ್ಲ, ಬೌಂಡರಿ ಹಗ್ಗ ಒಳಗೆಳೆದು ಸಿಕ್ಸರ್ ಎಣಿಸಿದ ಹಾಗಾಯಿತು. ಆ ವರ್ಷವೇ ಬ್ಲ್ಯಾಕ್‌ಬರ್ನ್‌ನ ಟೆಡ್ ಹಾರ್ಪರ್ 43 ಹೊಡೆದ. 1926-27ರಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಸೆಕೆಂಡ್ ಡಿವಿಷನ್‌ನಲ್ಲಿ 59. 1927-28ರಲ್ಲಿ ಎವರ್ಟನ್‌ನ ಡೀನ್ 60. ಮೂರು ವರ್ಷ ಸಾಲಾಗಿ ಇಂಥ ಫಸಲು ಬಂದರೆ ಬಿತ್ತಿದವನಿಗಿಂತ ಮಳೆಯ ಮೇಲೇ ಅನುಮಾನ ಬರಬೇಕು, ಅಲ್ವಾ?

ಮದ್ದು ಇರಲಿಲ್ಲ ಅಂತಲ್ಲ. ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್‌ನ ಆರ್ಸೆನಲ್ ತಂಡ ನಡುಮೈದಾನದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಕರೆಸಿ ಮೂರನೇ ಬ್ಯಾಕ್ ಮಾಡಿತ್ತು. ಅದೇ ಸ್ಟಾಪರ್. ಉಳಿದವರು ಕಲಿಯಲು ಸಮಯ ಹಿಡಿಯಿತು. ಡೀನ್‌ಗೆ ಸಿಕ್ಕಿದ್ದು ಆ ಸಂದು.

ವಿರೋಧ

ನಿಯಮ ಬದಲಾದದ್ದು ಡೀನ್ ಒಬ್ಬನಿಗಲ್ಲ. 22 ತಂಡಗಳಿಗೂ ಒಬ್ಬೊಬ್ಬ ಸೆಂಟರ್ ಫಾರ್ವರ್ಡ್ ಇದ್ದ. ಅವರಲ್ಲಿ 60 ಮುಟ್ಟಿದವನು ಒಬ್ಬನೇ, ಅದೂ 39 ಪಂದ್ಯಗಳಲ್ಲಿ, 21ನೇ ವಯಸ್ಸಿಗೆ. ಕ್ಯಾಮ್ಸೆಲ್‌ನ 59 ಕೆಳಗಿನ ಡಿವಿಷನ್‌ನದು. ಅದನ್ನು ಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ.

ಇನ್ನೂ ಮುಖ್ಯವಾದದ್ದು, ಹಳೇ ನಿಯಮದಲ್ಲಿ ಈತ ಏನು ಮಾಡಿದ್ದ ಅನ್ನೋದು. ಬರ್ಕನ್‌ಹೆಡ್‌ನ ಈ ಹುಡುಗ ಟ್ರಾನ್‌ಮಿಯರ್ ರೋವರ್ಸ್ ಪರ 30 ಲೀಗ್ ಪಂದ್ಯಗಳಲ್ಲಿ 27 ಗೋಲು ಹೊಡೆದಿದ್ದ. ಎವರ್ಟನ್ 3,000 ಪೌಂಡ್ ಎಣಿಸಿ ಅವನನ್ನು ಕೊಂಡದ್ದು 1925ರ ಮಾರ್ಚ್‌ನಲ್ಲಿ, ನಿಯಮ ಬದಲಾಗುವ ಮೊದಲೇ. ಮರುವರ್ಷ ಮೋಟರ್ ಸೈಕಲ್ ಅಪಘಾತದಲ್ಲಿ ತಲೆಬುರುಡೆ, ದವಡೆ ಎರಡೂ ಮುರಿದವು. ಆಮೇಲೆ ಅದೇ ತಲೆಯಿಂದ ಗೋಲಿನ ಮೇಲೆ ಗೋಲು!

60ನೆಯದನ್ನು ನೋಡಿ. 1928ರ ಮೇ 5, ಗುಡಿಸನ್ ಪಾರ್ಕ್, ಸೀಸನ್‌ನ ಕೊನೇ ಪಂದ್ಯ. ಎದುರಿಗೆ ಆ ಮೂರನೇ ಬ್ಯಾಕ್‌ನ ಆರ್ಸೆನಲ್ಲೇ. ಸ್ಟಾಪರ್ ಬೇಕೆಂದು ಚಾಪ್ಮನ್‌ಗೆ ಒತ್ತಾಯ ಮಾಡಿದ್ದ ಆರ್ಸೆನಲ್ ಆಟಗಾರ ಚಾರ್ಲಿ ಬುಕನ್‌ಗೂ ಅದು ಕೊನೆಯ ಪಂದ್ಯ. ಡೀನ್‌ಗೆ ಬೇಕಿದ್ದದ್ದು ಮೂರು ಗೋಲು. ಒಂದು ಬಂತು. 59ನೆಯದು ಪೆನಾಲ್ಟಿ. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಗಿಡ್ಡ ವಿಂಗರ್ ಅಲೆಕ್ ಟ್ರೂಪ್ ಕಾರ್ನರ್ ಎತ್ತಿ ಹೊಡೆದ. ಗುಂಪಿನ ಮೇಲಿಂದ ಎದ್ದ ಡೀನ್ ತಲೆ ಕೊಟ್ಟ. ಪಂದ್ಯ 3-3. ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ. ಪೆನಾಲ್ಟಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾದರೆ ದಾಖಲೆಯ ಕೊನೆಯ ಎರಡು ಗೋಲು ಯಾವ ನಿಯಮದ ಕೊಡುಗೆ?

ಎವರ್ಟನ್ 1930ರಲ್ಲಿ ಕೆಳಗಿನ ಡಿವಿಷನ್‌ಗೆ ಬಿತ್ತು, ಮರುವರ್ಷ ಮೇಲೆ ಬಂತು. 1931-32ರಲ್ಲಿ ಲೀಗ್ ಗೆದ್ದಾಗ ಡೀನ್‌ನ ಪಾಲು 45. ಅಷ್ಟೊತ್ತಿಗೆ ಸ್ಟಾಪರ್ ಆಟ ಚೆನ್ನಾಗಿ ಹರಡಿತ್ತು. ಇಂಗ್ಲೆಂಡ್ ಪರ ಆಡಿದ 16 ಪಂದ್ಯಗಳಲ್ಲಿ 18 ಗೋಲು ಬೇರೆ. 60ಕ್ಕೂ 45ಕ್ಕೂ ನಡುವಿನ 15 ಗೋಲನ್ನು ಬೇಕಾದರೆ ಆಫ್‌ಸೈಡ್ ನಿಯಮದ ಖಾತೆಗೆ ಬರೆದುಕೊಳ್ಳಿ, ಜಗಳವಿಲ್ಲ. ಉಳಿದದ್ದಷ್ಟೇ ಹಿಡಿದರೂ ಹಾರ್ಪರ್ ಹಿಂದೆಯೇ ಉಳಿಯುತ್ತಾನೆ.